ಹುಣಸೆಹಣ್ಣು ಮುಟ್ಟಿಸಬೇಡಿ

ಪತ್ರ: ಆಳಂದದ ಕಡೆ ನಮ್ಮ ಹೊಲದಲ್ಲಿ ಕೃಷಿ ಹೊಂಡ ತೋಡುವಾಗ ಒಂದು ಬೆಳ್ಳಿ ನಾಣ್ಯ ಸಿಕ್ಕಿತು. ಉರ್ದುವಿನಂಥ ಅಕ್ಷರ, ತೂಕ 10.8 ಗ್ರಾಂ. ಸರಾಫರು ಬೆಳ್ಳಿ ರೇಟು ಕೊಡ್ತೀನಿ ಅಂತಾರೆ, ಮೊಬೈಲಿನ ವಿಡಿಯೊದವರು ಲಕ್ಷ ಅಂತಾರೆ. ನಿಜವಾದ ಬೆಲೆ ಎಷ್ಟು? ಹುಣಸೆಹಣ್ಣು ಹಚ್ಚಿ ತೊಳೆದು ಫೋಟೊ ಕಳಿಸಲೇ?

ಉತ್ತರ: ದಯವಿಟ್ಟು ತೊಳೆಯಬೇಡಿ. ಹುಣಸೆಹಣ್ಣು, ಬೂದಿ, ಹಲ್ಲುಪುಡಿ ಯಾವುದೂ ಬೇಡ. 600 ವರ್ಷದಿಂದ ಕೂತ ಆ ಕಪ್ಪನ್ನು ಉಜ್ಜಿದರೆ ಅಕ್ಷರವೂ ಸವೆಯುತ್ತದೆ, ಬೆಲೆಯೂ ಇಳಿಯುತ್ತದೆ.

ನೀವು ಕಾಗದವಿಟ್ಟು ಪೆನ್ಸಿಲ್ ಉಜ್ಜಿ ಕಳಿಸಿದ್ದೀರಲ್ಲ, ಅದನ್ನು ಕಂಡು ನಮಗೆ ಹಬ್ಬವಾಯಿತು. ‘ಫಿರೋಜ್ ಶಾಹ’ ಎಂಬ ಹೆಸರು ಚೆನ್ನಾಗಿ ಮೂಡಿದೆ. ಭಾಷೆ ಅರಬ್ಬಿ. 1397ರಿಂದ 1422ರವರೆಗೆ ಆಳಿದ ಬಹಮನಿ ಸುಲ್ತಾನನ ಟಂಕ, ಅಂದರೆ ಆ ಕಾಲದ ಬೆಳ್ಳಿ ನಾಣ್ಯ ಅದು, ತೂಕವೂ ಹೊಂದುತ್ತದೆ. ಕೆಳಗಿನ ಅಚ್ಚಿನ ಮೇಲೆ ಬೆಳ್ಳಿ ಬಿಲ್ಲೆಯಿಟ್ಟು, ಮೇಲಿನ ಅಚ್ಚಿಗೆ ಸುತ್ತಿಗೆಯಿಂದ ಹೊಡೆದು ಮಾಡಿದ್ದು. ಅಚ್ಚು ಬಿಲ್ಲೆಗಿಂತ ದೊಡ್ಡದು, ಹಾಗಾಗಿ ಅಂಚಿನ ಬರಹ ಎಷ್ಟೋ ಸಲ ಬೀಳುವುದೇ ಇಲ್ಲ. ಹಿಜರಿ ವರ್ಷವೂ ಅಹ್ಸನಾಬಾದ್ ಎಂಬ ಟಂಕಸಾಲೆಯ ಹೆಸರೂ ಇರುವುದು ಅಲ್ಲೇ. ಅಹ್ಸನಾಬಾದ್ ಅಂದರೆ ನಿಮ್ಮ ಕಲಬುರಗಿ! ಅಂಚಿನ ಸುತ್ತ ಅರ ಹಾಕಿದ ಗೆರೆ, ಮೈಮೇಲೆ ಸಣ್ಣ ಗುಳ್ಳೆಗಳು ಕಂಡರೆ ಮಾತ್ರ ಎರಕದ ನಕಲಿಯೆಂದು ಅನುಮಾನಿಸಿ.

ಬೆಲೆ ಕೇಳಿದ್ದು ತಪ್ಪಲ್ಲ. ಮಳೆ ಕೈಕೊಟ್ಟ ವರ್ಷ ಯಾರಾದರೂ ಕೇಳುತ್ತಾರೆ. ಫಿರೋಜನ ಟಂಕಗಳು ಅಷ್ಟು ವಿರಳವಲ್ಲ, ಲಕ್ಷದ ಮಾತು ಬಿಡಿ. ವರ್ಷ ಪೂರ್ತಿ ಓದಲು ಬಂದರೆ ಬೆಲೆ ಏರುತ್ತದೆ, ಅಷ್ಟೆ. ಆದರೆ ಹೊಲದ ಯಾವ ಮೂಲೆ, ಎಷ್ಟು ಆಳ, ಜೊತೆಗೆ ಮಡಕೆಯ ಚೂರಿತ್ತೇ, ಇದರ ಬಗ್ಗೆ ನೀವು ಒಂದು ಸಾಲೂ ಬರೆದಿಲ್ಲ. ನಮಗೆ ಬೇಸರವಾದದ್ದು ಅದಕ್ಕೆ. ಅಂಗಡಿ ಸೇರಿದ ನಾಣ್ಯಕ್ಕೆ ಊರೇ ಇರುವುದಿಲ್ಲ.

ಸರಾಫರು ನಾಣ್ಯ ಕರಗಿಸುವ ಚಾಳಿ ಹಳೆಯದು. ಮೊದಲನೆಯ ಮುಹಮ್ಮದ್ ಶಾಹನ ಕಾಲದಲ್ಲೇ ಸರಾಫರೂ ಅಕ್ಕಸಾಲಿಗರೂ ಬಹಮನಿ ನಾಣ್ಯ ಕರಗಿಸುತ್ತಿದ್ದರೆಂದು, ಸುಲ್ತಾನ ಅವರನ್ನು ಕೊಲ್ಲಿಸಿದನೆಂದು ಇತಿಹಾಸಕಾರ ಫಿರಿಷ್ತಾ ಬರೆದಿದ್ದಾನೆ. ನಮ್ಮೂರಲ್ಲಿ ಹಳೇ ಗೋಡೆ ಕೆಡವಿದಾಗ ಸಿಕ್ಕ ಒಂದು ಕುಡಿಕೆ ನಾಣ್ಯ ಎರಡೇ ವಾರದಲ್ಲಿ ಕಾಲ್ಗಡಗವಾಯಿತು. ಒಂದನ್ನೂ ಯಾರೂ ಓದಲಿಲ್ಲ. ಇವತ್ತಾದರೂ ಓದುವವರು ಎಷ್ಟು ಮಂದಿ? ಶಾಸನ ಓದಲೆಂದು ಹಳಗನ್ನಡ ಕಲಿಸುತ್ತೇವೆ, ಸಂತೋಷ. ಕಲಬುರಗಿಯಲ್ಲೇ ಅಚ್ಚಾದ ಟಂಕ ಕೈಗಿಟ್ಟರೆ ನಮ್ಮ ಇತಿಹಾಸದ ಎಂ.ಎ. ಹುಡುಗರು ತಲೆಕೆಳಗು ಹಿಡಿದುಕೊಳ್ಳುತ್ತಾರೆ. ಅದು ಅವರ ತಪ್ಪಲ್ಲ, ಕಲಿಸದವರ ತಪ್ಪು.

ನಿಧಿ ಕಾಯ್ದೆಯಿದೆ, ಜಿಲ್ಲಾಧಿಕಾರಿಗೆ ತಿಳಿಸಿ. ಅದಕ್ಕೆ ಮುಂಚೆ, ಹೊಂಡಕ್ಕೆ ನೀರು ತುಂಬುವುದರೊಳಗೆ, ನಾಣ್ಯ ಸಿಕ್ಕ ಜಾಗದ ನಕ್ಷೆ ಬರೆದಿಡಿ. ಒಂದು ಪ್ರತಿ ನಮಗೂ ಇರಲಿ.