ಲಕ್ಷ ರೂಪಾಯಿಯ ಜೋಕರ್ ಪ್ರತಿಮೆ, ಆದರೆ ಮುಖ ಹೋಲ್ತಿಲ್ಲ. ತಗೋಬಹುದಾ?

ಈಗಲೇ ಬೇಡ.

ನೀವು ಬರೆದಿರೋ ಪ್ರಕಾರ ಅದು ಬ್ಯಾಟ್‌ಮ್ಯಾನ್ ಸಿನಿಮಾ ‘ದಿ ಡಾರ್ಕ್ ನೈಟ್’ನಲ್ಲಿ ನಟ ಹೀತ್ ಲೆಡ್ಜರ್ ಮಾಡಿದ ಜೋಕರ್, ಒನ್ ಫೋರ್ತ್ ಸ್ಕೇಲ್ (ನಿಜ ಗಾತ್ರದ ಕಾಲು ಭಾಗ), ಪ್ರೀ-ಆರ್ಡರ್ ಈಗಷ್ಟೇ ಶುರುವಾಗಿದೆ, ಹಾಸನದ ಮನೆ ಬಾಗಿಲಿಗೆ ಬರೋ ಹೊತ್ತಿಗೆ ಲಕ್ಷ ದಾಟುತ್ತೆ. ಮುಖ ಮಾತ್ರ ಎಲ್ಲೋ ತಪ್ಪಿದೆ ಅನ್ನಿಸ್ತಿದೆ. ‘ಇಷ್ಟು ದುಡ್ಡು ಕೇಳ್ತಾರೆ ಅಂದ್ಮೇಲೆ ಕೈಗೆ ಬಂದಾಗ ಚೆನ್ನಾಗೇ ಇರುತ್ತೆ ಅಲ್ವಾ’ ಅಂತ ಕೇಳಿದ್ದೀರಿ. ನಾನೂ ಹಾಸನದವನೇ, ಇದೇ ಹುಚ್ಚಿನವನು. ಆ ನಂಬಿಕೆಯೇ ನಮ್ಮಂಥವರ ಜೇಬು ಖಾಲಿ ಮಾಡಿಸೋದು.

ಇಂಥ ಪ್ರತಿಮೆಯ ಬೆಲೆಯಲ್ಲಿ ಮುಖಕ್ಕೆ ಅಂತ ನೀವು ಕೊಡೋದು ತುಂಬಾ ಕಡಿಮೆ. ಗಾತ್ರಕ್ಕೆ, ತೂಕಕ್ಕೆ, ಸ್ಟುಡಿಯೋಗೆ ಕಟ್ಟೋ ಲೈಸೆನ್ಸ್‌ಗೆ, ‘ಇಷ್ಟೇ ಪೀಸ್ ಮಾಡ್ತೀವಿ’ ಅನ್ನೋ ಎಡಿಷನ್ ನಂಬರಿಗೆ, ಅಲಂಕಾರದ ಬೇಸ್‌ಗೆ, ಥರ್ಮಾಕೋಲ್ ತುಂಬಿದ ದೊಡ್ಡ ಪೆಟ್ಟಿಗೆಗೆ ಕೊಡ್ತೀರಿ. ಇವನ್ನು ಮಾಡೋದು ಪಾಲಿಸ್ಟೋನ್‌ನಲ್ಲಿ, ಅಂದ್ರೆ ರೆಸಿನ್‌ಗೆ ಕಲ್ಲಿನ ಪುಡಿ ಬೆರೆಸಿದ್ದು. ಅದನ್ನು ಸಿಲಿಕೋನ್ ಅಚ್ಚಿಗೆ ಸುರಿದು ತೆಗೀತಾರೆ, ಅಚ್ಚು ಸವೀತಾ ಹೋಗುತ್ತೆ, ಆಮೇಲೆ ಒಂದೊಂದೂ ತುಂಡಿಗೆ ಕೈಯಲ್ಲೇ ಬಣ್ಣ. ಜಾಹೀರಾತಿನ ಫೋಟೋದಲ್ಲಿರೋ ಮೊದಲ ಮಾದರಿ, ಅಂದ್ರೆ ಪ್ರೋಟೋಟೈಪ್‌ಗೆ ಬಣ್ಣ ಹಚ್ಚಿದವನು ಪಳಗಿದ ಕಲಾವಿದ, ಅವನ ಹತ್ತಿರ ಟೈಮ್ ಇತ್ತು. ನಿಮಗೆ ಬರೋದಕ್ಕೆ ಹಚ್ಚುವವನು ಕಾರ್ಖಾನೆಯಲ್ಲಿ ಸಾಲಾಗಿ ನೂರಾರು ತಲೆ ಇಟ್ಟುಕೊಂಡು ಕೂತಿರ್ತಾನೆ. ಅದಕ್ಕೇ ಪ್ರೋಟೋಟೈಪ್‌ನಲ್ಲೇ ಮುಖ ಹೋಲದೆ ಇದ್ದರೆ ಪ್ರೊಡಕ್ಷನ್‌ನಲ್ಲಿ ಸುಧಾರಿಸೋದು ಅಪರೂಪ. ಗಿರಾಕಿಗಳ ಗಲಾಟೆ ಜೋರಾದಾಗ ಕಂಪನಿಯವರು ತಲೆ ತಿದ್ದಿದ ಉದಾಹರಣೆಗಳೂ ಇವೆ, ಇಲ್ಲ ಅನ್ನಲ್ಲ. ಆದರೆ ಅದನ್ನೇ ನಂಬಿಕೊಂಡು ಅಡ್ವಾನ್ಸ್ ಕಟ್ಟಬಾರದು. ಬಹಳ ಕಡೆ ಆ ಅಡ್ವಾನ್ಸ್ ವಾಪಸ್ ಬರಲ್ಲ.

ಮುಖ ಯಾಕಿಷ್ಟು ಕಷ್ಟ ಅಂದ್ರೆ, ಒನ್ ಫೋರ್ತ್‌ನಲ್ಲಿ ತಲೆ ಹೆಚ್ಚುಕಮ್ಮಿ ಆರು ಸೆಂಟಿಮೀಟರ್. ಅಲ್ಲಿ ಒಂದು ಮಿಲಿಮೀಟರ್ ತಪ್ಪಿದರೆ ನಿಜವಾದ ಮುಖದಲ್ಲಿ ನಾಲ್ಕು ಮಿಲಿಮೀಟರ್ ತಪ್ಪಿದ ಹಾಗೆ. ಮೇಲಿನ ರೆಪ್ಪೆಯ ಗೆರೆ ಕೂದಲೆಳೆಯಷ್ಟು ದಪ್ಪ ಆದರೂ ಸಾಕು, ಲೆಡ್ಜರ್ ಹೋಗಿ ಅವನ ದೂರದ ಸಂಬಂಧಿ ಬಂದು ನಿಲ್ತಾನೆ. ಬೇಲೂರಿನ ದರ್ಪಣ ಸುಂದರಿಯನ್ನು ತೋರಿಸಿ ಇವಳೇ ಶಾಂತಲೆ ಅಂತ ಗೈಡ್ ಹೇಳಿದರೆ ಯಾರೂ ಜಗಳಕ್ಕೆ ಹೋಗಲ್ಲ. ಶಾಂತಲೆಯ ಮುಖ ನೋಡಿದವರು ಯಾರಿದ್ದಾರೆ? ಅದೇ 2021ರಿಂದೀಚೆಗೆ ಊರೂರಲ್ಲಿ ಎದ್ದ ಅಪ್ಪು ಪ್ರತಿಮೆಗಳ ಮುಂದೆ ನಿಂತು ನೋಡಿ. ನಗು ಇದೆ, ಕ್ರಾಪ್ ಸರಿಯಿದೆ, ಆದರೂ ಕೆಲವು ಕಡೆ ಪಕ್ಕದಲ್ಲಿರೋ ಎಂಟು ವರ್ಷದ ಹುಡುಗನೂ ‘ಇದು ಅಪ್ಪು ಅಲ್ಲ’ ಅಂತಾನೆ. ಚಿರಪರಿಚಿತ ಮುಖಕ್ಕೆ ನಮ್ಮ ಕಣ್ಣು ರಿಯಾಯಿತಿ ಕೊಡಲ್ಲ.

ಹಾಗಂತ ನಿಮ್ಮ ಕಣ್ಣನ್ನೂ ಪೂರ್ತಿ ನಂಬಬೇಡಿ. ಮೊಬೈಲನ್ನು ಪ್ರತಿಮೆ ಹತ್ತಿರ ಹಿಡಿದು ತೆಗೆದ ಫೋಟೋದಲ್ಲಿ ಮೂಗು ಉಬ್ಬುತ್ತೆ, ಕಿವಿ ಹಿಂದೆ ಸರಿಯುತ್ತೆ. ಒಳ್ಳೇ ತಲೆಯೂ ಅದರಲ್ಲಿ ಕೆಟ್ಟದಾಗಿ ಕಾಣುತ್ತೆ. ದೂರ ನಿಂತು ಜೂಮ್ ಮಾಡಿ ತೆಗೆದದ್ದು ಹುಡುಕಿ. ಸ್ವಲ್ಪ ಓರೆಯಾಗಿ, ಮುಕ್ಕಾಲು ಮುಖ ಕಾಣೋ ಕೋನದಿಂದ ನೋಡಿ, ಎದುರಿನಿಂದ ಬೇಡ. ಜೋಕರ್‌ನ ಬಿಳಿ ಮೇಕಪ್ಪು ತಪ್ಪು ಮುಚ್ಚುತ್ತೆ ಅಂತ ಕೆಲವರು ಹೇಳ್ತಾರೆ. ನನಗೆ ಉಲ್ಟಾ ಅನ್ನಿಸುತ್ತೆ. ಅಲ್ಲಿ ನೋಡೋಕೆ ಉಳಿಯೋದೇ ಕಣ್ಣಿನ ಆಕಾರ, ಹಣೆಯ ಗೆರೆ, ಬಾಯಿ. ಅವು ತಪ್ಪಿದರೆ ಕೈಯಲ್ಲಿರೋದು ಯಾವುದೋ ಸರ್ಕಸ್ ಬಫೂನ್.

ಶಿಲ್ಪಿಯ ಹೆಸರು, ಬಣ್ಣದವರ ಹೆಸರು ಹಾಕಿದ್ದಾರಾ ನೋಡಿ. ನಮ್ಮ ನುಗ್ಗೇಹಳ್ಳಿಯ 1246ರ ಗುಡಿಯಲ್ಲೇ ಬೈಚೋಜ, ಮಲ್ಲಿತಮ್ಮ ಕೆಲಸದ ಕೆಳಗೆ ಹೆಸರು ಕೆತ್ತಿದ್ದಾರೆ. ಹೆಸರು ಗೊತ್ತಾದರೆ ಅದೇ ಕೈಯ ಹಳೇ ತಲೆಗಳು ಹೇಗಿದ್ದವು ಅಂತ ಹುಡುಕಬಹುದು. ಕಂಪನಿಯ ಹೆಸರಿಗಿಂತ ಇದು ಹೆಚ್ಚು ಹೇಳುತ್ತೆ.

ಇನ್ನು ಬೆಲೆ. 600 ಡಾಲರ್ ಅಂತ ಬರೆದಿದ್ದರೆ 85 ರೂಪಾಯಿ ಲೆಕ್ಕದಲ್ಲಿ 51,000, ಅಲ್ಲಿಗೆ ಮನಸ್ಸು ಒಪ್ಪಿಬಿಡುತ್ತೆ. ಕೊರಿಯರ್‌ನವರು ತೂಕ ಮಾತ್ರ ನೋಡಲ್ಲ, ಪೆಟ್ಟಿಗೆ ಹಿಡಿಯೋ ಜಾಗವನ್ನೂ ತೂಕದ ಲೆಕ್ಕಕ್ಕೆ ತರ್ತಾರೆ, ಎರಡರಲ್ಲಿ ಯಾವುದು ಜಾಸ್ತಿಯೋ ಅದಕ್ಕೆ ದುಡ್ಡು. 60, 50, 45 ಸೆಂಟಿಮೀಟರ್ ಪೆಟ್ಟಿಗೆ ಅಂದ್ಕೊಳ್ಳಿ, ಗುಣಿಸಿ 5000ದಿಂದ ಭಾಗಿಸಿದರೆ 27 ಕೆಜಿ. ಒಳಗಿರೋದು 12 ಕೆಜಿ ಆದರೂ 27ಕ್ಕೇ ದುಡ್ಡು. ಕಸ್ಟಮ್ಸ್ ಸುಂಕ ಬೀಳೋದು ಸಾಗಣೆ, ವಿಮೆ ಎರಡನ್ನೂ ಸೇರಿಸಿದ ಮೊತ್ತದ ಮೇಲೆ. ಆಟಿಕೆ ಅಂತ ಪರಿಗಣಿಸಿದರೆ ಇನ್ನೂ ಬಿಸಿ: ಆಟಿಕೆಗಳ ಮೂಲ ಸುಂಕ 2020ರಲ್ಲಿ ಶೇ 20ರಿಂದ 60ಕ್ಕೆ, 2023ರಲ್ಲಿ 70ಕ್ಕೆ ಏರಿತ್ತು. ಬಜೆಟ್ಟಿನಲ್ಲಿ ಇದು ಬದಲಾಗ್ತಾ ಇರುತ್ತೆ, ಆರ್ಡರ್ ಮಾಡೋ ವಾರದ ದರ ನೋಡಿ. ಅದರ ಮೇಲೆ ಐಜಿಎಸ್‌ಟಿ. ಇದಕ್ಕೇ ಸುಂಕ ಸೇರಿಸಿ ಒಂದೇ ರೇಟ್ ಹೇಳೋ ಬೆಂಗಳೂರಿನ ಮಾರಾಟಗಾರರು ದುಬಾರಿ ಅನ್ನಿಸಿದರೂ ಮೋಸ ಅಲ್ಲ. ಮುರಿದು ಬಂದರೆ ಬದಲಿ ಕೊಡ್ತೀರಾ ಅಂತ ಬರವಣಿಗೆಯಲ್ಲಿ ಕೇಳಿ. ಪಾಲಿಸ್ಟೋನ್ ಬೆರಳು, ಕೋಟಿನ ಅಂಚು ಮೊದಲು ಮುರಿಯೋದು.

ನಿಮಗೆ ಬೇಕಿರೋದು ಲೆಡ್ಜರ್ ಮುಖವೇ ಆದರೆ ಹಾಂಗ್‌ಕಾಂಗ್‌ನ ಹಾಟ್ ಟಾಯ್ಸ್‌ನ ಒನ್ ಸಿಕ್ಸ್ತ್ ಗೊಂಬೆ ನೋಡಿ, ನಿಜ ಗಾತ್ರದ ಆರನೇ ಒಂದು ಭಾಗ, ಒಂದಡಿ ಎತ್ತರ. ಜೋಕರ್‌ನ ಅವರು ಹಲವು ಸಲ ಮಾಡಿದ್ದಾರೆ, ಕಣ್ಣುಗುಡ್ಡೆ ತಿರುಗಿಸೋ ಆವೃತ್ತಿಯೂ ಇದೆ. ಮುಖದ ವಿಷಯದಲ್ಲಿ ಮೂರು ಪಟ್ಟು ಬೆಲೆಯ ಎಷ್ಟೋ ಪ್ರತಿಮೆಗಳನ್ನು ಅದು ಸೋಲಿಸುತ್ತೆ. ಬಾಗಿಲು ತೆಗೆದ ಕೂಡಲೇ ಕಣ್ಣಿಗೆ ಹೊಡೆಯೋ ಗಾತ್ರ ಬೇಕು ಅಂದರೆ ಮುಖವಾಡ ಇರೋ ಪಾತ್ರಕ್ಕೆ ಲಕ್ಷ ಹಾಕಿ. ಡಾರ್ಥ್ ವೇಡರ್, ಪ್ರಿಡೇಟರ್, ಸೂಟ್ ಹಾಕಿರೋ ಐರನ್ ಮ್ಯಾನ್. ಅಲ್ಲಿ ನಟನ ಮುಖ ಹೋಲೋ ತಲೆನೋವೇ ಇಲ್ಲ.

ಬೆಲೆ ಮುಂದೆ ಏರುತ್ತೆ ಅನ್ನೋ ಮಾತು ತಲೆಯಿಂದ ತೆಗೀರಿ. ನಾಳೆ ಇದಕ್ಕಿಂತ ಒಳ್ಳೇ ಮುಖದ ಜೋಕರ್ ಬಂದ ದಿನ ಹಳೇದು ಬಿದ್ದೇ ಬೀಳುತ್ತೆ, ಇಂಥ ಜನಪ್ರಿಯ ಪಾತ್ರಕ್ಕೆ ಅದು ಬಂದೇ ಬರುತ್ತೆ.

ಮೊದಲು ತಗೊಂಡವರು ಪೆಟ್ಟಿಗೆ ತೆರೆದು ಫೋಟೋ ಹಾಕೋವರೆಗೆ ಕಾಯಿರಿ. ಆಗಲೂ ಬೇಕು ಅನ್ನಿಸಿದರೆ ತಗೊಳ್ಳಿ. ಬಟ್ಟೆಯ ಕೋಟಿದ್ದರೆ ಜುಲೈನಲ್ಲಿ ಸಿಲಿಕಾ ಜೆಲ್ ಇಡಿ, ನಮ್ಮ ಕಡೆ ಮಳೆಗೆ ಬೂಷ್ಟು ಹಿಡಿಯುತ್ತೆ. ಇಷ್ಟು ಭಾರದ್ದನ್ನು ಗಾಜಿನ ಶೆಲ್ಫ್ ಮೇಲಂತೂ ಇಡಬೇಡಿ.