ನಿಮ್ಮ ಕಿಂಡರ್‌ಡೈಕ್ ಲೇಖನದ ಬಗ್ಗೆ

ನಮಸ್ಕಾರ ಮೇಡಂ,

ನೆದರ್‌ಲ್ಯಾಂಡ್ಸ್‌ನ ಕಿಂಡರ್‌ಡೈಕ್ ಊರಿನ ಗಾಳಿಯಂತ್ರಗಳ ಮೇಲೆ ನೀವು ಕಳಿಸಿದ ಲೇಖನ ಎರಡು ಸಲ ಓದ್ದೆ. ಈಗಿರೋ ಹಾಗೆ ಹಾಕೋಕಾಗಲ್ಲ, ಆದ್ರೆ ಕೈಬಿಡೋಕೂ ಮನಸ್ಸಿಲ್ಲ, ಅದಕ್ಕೇ ಇಷ್ಟುದ್ದ ಬರೀತಿದೀನಿ.

ಉದ್ದಕ್ಕೂ "ಗಾಳಿ ಗಿರಣಿ" ಅಂತ ಬರ್ದಿದೀರಿ. ಗಿರಣಿ ಅಂದ್ರೆ ನಮ್ಮೋರಿಗೆ ರಾಗಿ ಹಿಟ್ಟು ಮಾಡ್ಸೋ ಜಾಗ, ನಾನೂ ಎರಡನೇ ಪುಟದವರೆಗೆ ಇಲ್ಲಿ ಗೋಧಿ ಬೀಸ್ತಾರೆ ಅಂದ್ಕೊಂಡೇ ಓದಿದ್ದು. ಅಲ್ಲಿ ಬೀಸೋದೇನೂ ಇಲ್ವಲ್ಲ, ತಗ್ಗು ಹೊಲದಿಂದ ಬಂದ ನೀರನ್ನ ದೊಡ್ಡ ಚಕ್ರದಿಂದ ಮೇಲಿನ ಕಾಲುವೆಗೆ ಎತ್ತಿ ಹಾಕೋದು, ಲೆಕ್ ನದಿ ಇಳಿದಾಗ ತೂಬು ತೆಗೆದು ಬಿಡೋದು, ಅಷ್ಟೇ. ನಮ್ಮ ಏತದ ಹೋಲಿಕೆ ಕೊಡಿ, ನಮ್ದು ಹೊಲಕ್ಕೆ ನೀರು ತರೋಕೆ, ಅವ್ರದ್ದು ಹೊಲದ ನೀರು ಹೊರಗೆ ಹಾಕೋಕೆ ಅಂತ ಮೊದಲ ಪ್ಯಾರಾದಲ್ಲೇ ಹೇಳಿ.

19 ಯಂತ್ರನೂ 1740ರಲ್ಲೇ ಕಟ್ಟಿದ್ದು ಅಂದಿದೀರಿ, ತಪ್ಪು. ಇಟ್ಟಿಗೆಯ ಎಂಟು ಗುಂಡು ಯಂತ್ರ 1738ರವು, ಹುಲ್ಲು ಹೊದಿಸಿದ ಎಂಟು 1740ರವು, ಉಳಿದ ಮೂರು ಬೇರೆ. 1421ರ ಪ್ರವಾಹ, ತೇಲಿಬಂದ ತೊಟ್ಟಿಲು, ಅದರ ಮೇಲಿನ ಬೆಕ್ಕಿನ ಕಥೆಗೆ ಒಂದು ಪುಟ ಹೋಗಿದೆ, ಎರಡು ಸಾಲು ಸಾಕು.

ನನಗೆ ನಿಜವಾಗ್ಲೂ ಬೇಜಾರಾಗಿದ್ದು ಕೆಲಸಗಾರರ ವಿಷಯಕ್ಕೆ. ಯಂತ್ರದ ಒಳಗೆ ಹೋಗಿ ನೋಡ್ಕೊಂಡು ಬಂದಿದೀರಿ, ಆದ್ರೂ "ಮಿಲ್ಲರ್ ಕುಟುಂಬ ಸಮೇತ ಅಲ್ಲೇ ಇದ್ದ" ಅಂತ ಒಂದೇ ಸಾಲು! ಯಂತ್ರ ನಡೆಸೋ ಆ ಮನುಷ್ಯ ಹಗ್ಗ ಎಳೆದು ಬ್ರೇಕ್ ಹಾಕಿ, ಕೆಳಗೆ ಬಂದು ನಿಂತ ರೆಕ್ಕೆನ ಏಣಿ ಥರ ಹತ್ತಿ, ರೆಕ್ಕೆಗೆ ಸುತ್ತಿಟ್ಟ ಹಾಯಿಬಟ್ಟೆ ಹರಡಿ ಕಟ್ಟಿ, ಇಳಿದು, ಇನ್ನೊಂದು ರೆಕ್ಕೆ ಕೆಳಗೆ ಬರೋ ಹಾಗೆ ತಿರುಗಿಸಿ ಮತ್ತೆ ಹತ್ತಬೇಕು, ಹೀಗೆ ನಾಲ್ಕು ಸಲ, ಗಾಳಿ ಜೋರಾದ್ರೆ ಅದೇ ಬಟ್ಟೆ ಮತ್ತೆ ಸುತ್ತಿಡಬೇಕು, ಗಾಳಿ ದಿಕ್ಕು ಬದಲಾದ್ರೆ ರೆಕ್ಕೆ ಸಮೇತ ಯಂತ್ರದ ಇಡೀ ತಲೆನೇ ಆ ಕಡೆ ತಿರುಗಿಸ್ಬೇಕು. ನೀರೇನು ಹಗಲು ರಾತ್ರಿ ನೋಡುತ್ತಾ? ಗೋಡೆಯೊಳಗೆ ಕಪಾಟಿನ ಥರ ಇರೋ ಆ ಹಾಸಿಗೆ ಪಕ್ಕ ನಿಂತಾಗ ನಿಮಗೆ ಏನನ್ನಿಸ್ತು, ಮಕ್ಕಳು ಎಲ್ಲಿ ಆಡ್ತಿದ್ರು, ಅಡುಗೆ ಎಲ್ಲಿ? ಬರೀರಿ, ನೀವು ನೋಡಿದೀರಿ, ನಾನು ನೋಡಿಲ್ಲ.

ಇನ್ನೊಂದು, 1868ರಲ್ಲಿ ಸ್ಟೀಮ್ ಪಂಪ್ ಬಂತು, ಕಥೆ ಮುಗೀತು ಅಂತ ನಿಲ್ಸಿದೀರಿ. ಮುಗೀಲಿಲ್ಲ. ಎರಡನೇ ಮಹಾಯುದ್ಧದಲ್ಲಿ ಇಂಧನ ಸಿಗದಿದ್ದಾಗ ನೀರೆತ್ತಿದ್ದು ಇವೇ ರೆಕ್ಕೆಗಳು. ಸುದ್ದಿ ಹೇಳೋಕೂ ಇವೇ ರೆಕ್ಕೆಗಳು: ಮನೇಲಿ ಸಾವಾದ್ರೆ ಮೇಲಿನ ರೆಕ್ಕೆ ನೆತ್ತಿ ದಾಟಿದ ಕೂಡ್ಲೇ, ಮದುವೆ ಮಗು ಅಂದ್ರೆ ನೆತ್ತಿಗೆ ಸ್ವಲ್ಪ ಮುಂಚೆ ನಿಲ್ಲಿಸ್ತಿದ್ರು, ದೂರದ ಹೊಲದಲ್ಲಿದ್ದೋರಿಗೂ ಸುದ್ದಿ ಗೊತ್ತಾಗ್ತಿತ್ತು. ಇದನ್ನ ಫೋಟೋ ಕೆಳಗೆ ಸಣ್ಣಕ್ಷರದಲ್ಲಿ ಹಾಕಿದೀರಿ, ದಯವಿಟ್ಟು ಲೇಖನದ ಒಳಗೆ ತನ್ನಿ, ಸಾಧ್ಯ ಆದ್ರೆ ಅಲ್ಲಿಂದಲೇ ಶುರು ಮಾಡಿ.

ಫೋಟೋ ಆರು ಬೇಡ, ಆ ಹಾಸಿಗೆದು ಒಂದು ಕಳಿಸಿ. ಮುಂದಿನ ತಿಂಗಳು 10ನೇ ತಾರೀಕಿನೊಳಗೆ ಬಂದ್ರೆ ಜಾಗ ಇಟ್ಟಿರ್ತೀನಿ.