ಹುಟ್ಟಿದೂರಿನ ಲೆಕ್ಕ

ಓದುಗರ ಪತ್ರ: ನಮ್ಮ ಮಗ 2011ರಿಂದ ಅಮೆರಿಕದಲ್ಲಿ ಇಂಜಿನಿಯರ್. ಅವನ ಮಗಳು ಅಲ್ಲೇ ಹುಟ್ಟಿ ಆ ದೇಶದ ಪ್ರಜೆಯಾಗಿದ್ದಾಳೆ. ಅವನಿಗೆ ಮಾತ್ರ ಇನ್ನೂ ಗ್ರೀನ್ ಕಾರ್ಡ್ (ಅಲ್ಲಿ ಕಾಯಂ ನೆಲೆಸುವ ಅನುಮತಿ) ಬಂದಿಲ್ಲ. ಇದು ಭಾರತೀಯರನ್ನು ತಡೆಯಲೆಂದೇ ಮಾಡಿದ ಕಾನೂನಲ್ಲವೇ? ಕೆನಡಾದ ಪೌರತ್ವ ಪಡೆದರೆ ಬೇಗ ಆಗುವುದೇ? ನಮ್ಮ ಸೊಸೆ ಹುಟ್ಟಿದ್ದು ಹರಿಹರದಲ್ಲಿ.
– ನಿವೃತ್ತ ಶಿಕ್ಷಕರು, ವಿದ್ಯಾನಗರ, ದಾವಣಗೆರೆ

ಸಂಪಾದಕರ ಉತ್ತರ:

ಮಾನ್ಯರೇ,

ಭಾರತೀಯರನ್ನು ತಡೆಯುವ ಕಾನೂನು ಅಮೆರಿಕದಲ್ಲಿ ಇದ್ದದ್ದು ನಿಜ. ಆದರೆ ನಿಮ್ಮ ಮಗನನ್ನು ಕಾಯಿಸುತ್ತಿರುವುದು ಅದಲ್ಲ. 1790ರ ಕಾಯ್ದೆಯ ಪ್ರಕಾರ ಹೊರಗಿನಿಂದ ಬಂದವರಲ್ಲಿ ಬಿಳಿಯರು ಮಾತ್ರ ಪೌರತ್ವ ಪಡೆಯಬಹುದಿತ್ತು. 1870ರಲ್ಲಿ ಆಫ್ರಿಕಾ ಮೂಲದವರನ್ನು ಸೇರಿಸಿಕೊಂಡರೂ ಏಷ್ಯಾದವರು ಹೊರಗೇ ಉಳಿದರು. ಮೊದಲ ಮಹಾಯುದ್ಧದಲ್ಲಿ ಅಮೆರಿಕದ ಸೈನ್ಯ ಸೇರಿದ್ದ ಭಗತ್ ಸಿಂಗ್ ಥಿಂಡ್ (ನಮ್ಮ ಹುತಾತ್ಮ ಭಗತ್ ಸಿಂಗ್ ಬೇರೆ) ಅಂದಿನ ಜನಾಂಗಶಾಸ್ತ್ರದಂತೆ ತಾವು ಕಕೇಶಿಯನ್ (ಯುರೋಪಿನ ಬಿಳಿಯರನ್ನೂ ಸೇರಿಸುತ್ತಿದ್ದ ಜನಾಂಗ) ಎಂದು ವಾದಿಸಿದಾಗ, ವಿದ್ವಾಂಸರು ಏನೇ ಹೇಳಲಿ, ಜನಸಾಮಾನ್ಯರ ಕಣ್ಣಿಗೆ ಅವರು ಬಿಳಿಯರಲ್ಲವೆಂದು ಸುಪ್ರೀಂ ಕೋರ್ಟ್ 1923ರಲ್ಲಿ ತೀರ್ಪಿತ್ತಿತು. ಅದಕ್ಕೆ ಕೇವಲ ಮೂರು ತಿಂಗಳ ಹಿಂದೆ ಜಪಾನಿನ ಒಜಾವಾ ಅವರ ಅರ್ಜಿಯನ್ನು ಅದೇ ನ್ಯಾಯಾಲಯ ತಳ್ಳಿಹಾಕಿದ್ದು ಅವರು ಕಕೇಶಿಯನ್ ಅಲ್ಲವೆಂಬ ಕಾರಣಕ್ಕೆ! ಭಾರತೀಯರಿಗೆ ಪೌರತ್ವದ ಹಕ್ಕು ಸಿಕ್ಕಿದ್ದು 1946ರಲ್ಲಿ. ಆಗಲೂ ವಲಸೆಗೆ ಇದ್ದ ಅವಕಾಶ ವರ್ಷಕ್ಕೆ 100 ಮಂದಿಗೆ.

1965ರ ಕಾಯ್ದೆ ಈ ಜನಾಂಗದ ಲೆಕ್ಕವನ್ನು ಕಿತ್ತುಹಾಕಿ, ಯಾವ ದೇಶಕ್ಕೂ ಹೆಚ್ಚುಕಡಿಮೆಯಿಲ್ಲದೆ ಒಂದೇ ಮಿತಿ ಎಂಬ ತತ್ತ್ವವನ್ನು ತಂದಿತು. ನನ್ನ ದೃಷ್ಟಿಯಲ್ಲಿ ನಿಮ್ಮ ಮಗ ಸಿಕ್ಕಿಕೊಂಡಿರುವುದು ದ್ವೇಷದಲ್ಲಲ್ಲ, ಈ ಸಮಾನತೆಯಲ್ಲಿ. 1990ರ ಕಾಯ್ದೆಯಂತೆ ಉದ್ಯೋಗದ ಆಧಾರದ ಗ್ರೀನ್ ಕಾರ್ಡ್‌ಗಳು ವರ್ಷಕ್ಕೆ ಸುಮಾರು 1,40,000. ಹೆಂಡತಿ ಮಕ್ಕಳೂ ಅದರೊಳಗೇ ಎಣಿಕೆಯಾಗುತ್ತಾರೆ. ಒಂದು ದೇಶಕ್ಕೆ ಶೇಕಡ 7, ಅಂದರೆ ಸುಮಾರು 9,800. ಇತರರು ಬಳಸದೆ ಉಳಿದದ್ದು ಭಾರತಕ್ಕೆ ಸೇರುವುದುಂಟು, ಅಷ್ಟೆ. ನಮ್ಮ ದಾವಣಗೆರೆ ನಗರಕ್ಕಿಂತ ಕಡಿಮೆ ಜನರಿರುವ ಐಸ್‌ಲ್ಯಾಂಡಿಗೂ ಇದೇ ಮಿತಿ. ಅದೇ 1990ರ ಕಾಯ್ದೆ ರೂಪಿಸಿದ, ತಾತ್ಕಾಲಿಕ ಕೆಲಸಕ್ಕೆ ಕೊಡುವ ಎಚ್-1ಬಿ ವೀಸಾಕ್ಕಾದರೋ ದೇಶವಾರು ಮಿತಿಯೇ ಇಲ್ಲ. ಕೆಲಸಕ್ಕೆ ಕರೆಯುವಾಗ ದೇಶ ಕೇಳದೆ, ನೆಲೆಸುವೆನೆಂದಾಗ ಕೇಳುವ ಈ ವ್ಯವಸ್ಥೆಯಲ್ಲಿ ಸಾಲು ಬೆಳೆಯದೆ ಇನ್ನೇನಾದೀತು?

ಮೊಮ್ಮಗಳ ಮಾತು ಬೇರೆ. ಅಲ್ಲಿನ ಸಂವಿಧಾನಕ್ಕೆ 1868ರಲ್ಲಿ ಆದ 14ನೇ ತಿದ್ದುಪಡಿ ಆ ನೆಲದಲ್ಲಿ ಹುಟ್ಟಿದವರಿಗೆ ಪೌರತ್ವ ಕೊಟ್ಟಿತು; ಚೀನೀ ದಂಪತಿಯ ಮಗ ವಾಂಗ್ ಕಿಮ್ ಆರ್ಕ್ ಅವರ ಮೊಕದ್ದಮೆಯಲ್ಲಿ, 1898ರಷ್ಟು ಹಿಂದೆಯೇ, ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು.

ಇನ್ನು ಕೆನಡಾದ ಪ್ರಶ್ನೆ. ಅದರಿಂದ ಪ್ರಯೋಜನವಿಲ್ಲ, ಏಕೆಂದರೆ ಮಿತಿಯನ್ನು ಲೆಕ್ಕ ಹಾಕುವುದು ಅರ್ಜಿದಾರನ ಪೌರತ್ವದ ಮೇಲಲ್ಲ, ಅವನು ಹುಟ್ಟಿದ ದೇಶದ ಮೇಲೆ. ಗಂಡ ಅಥವಾ ಹೆಂಡತಿ ಬೇರೆ ದೇಶದಲ್ಲಿ ಹುಟ್ಟಿದ್ದರೆ ಆ ದೇಶದ ಸಾಲಿನಲ್ಲಿ ಇಬ್ಬರೂ ನಿಲ್ಲಬಹುದು. ಆದರೆ ನಿಮ್ಮ ಸೊಸೆ ಹುಟ್ಟಿದ್ದು ಹರಿಹರದಲ್ಲಿ ಎಂದು ನೀವೇ ಪತ್ರದ ಕೊನೆಗೆ ಬರೆದಿದ್ದೀರಿ.